ಹೇಮಂತದ ತೋಟ : ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಚಳಿಗಾಲದ ತೋಟಗಾರಿಕೆಯ ಚರಿತ್ರೆ

೧

ತುಮಕೂರು ಎಂಬ ಊರ ಹೆಸರಿಗೆ ಎರಡು ನಿಷ್ಪತ್ತಿಗಳನ್ನು ಹೇಳುವ ವಾಡಿಕೆಯಿದೆ. ‘ತುಮುಕಿ’ ಎಂಬ ಚರ್ಮವಾದ್ಯದಿಂದ ಈ ಹೆಸರು ಬಂದಿತೆಂಬುದು ಒಂದು. ತುಂಬೆಯ ಗಿಡದಿಂದ ಬಂದಿತೆಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಸಾಧುವೆಂಬುದನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆದರೆ ಜನರು ಎರಡನೆಯದನ್ನು ಪ್ರೀತಿಯಿಂದ ಉಳಿಸಿಕೊಂಡು ಬಂದಿರುವುದು ಗಮನಾರ್ಹವಾದ ಸಂಗತಿ. ತುಂಬೆಯನ್ನು ಯಾರೂ ಬಿತ್ತಿ ಬೆಳೆಸುವುದಿಲ್ಲ. ಅದಕ್ಕೆ ಯಾರೂ ನೀರೆರೆಯುವುದಿಲ್ಲ. ಮಳೆಗಾಲವು ಹಿಂದೆ ಸರಿಯುತ್ತಿರುವಾಗ ಹೊಲದ ಬದುಗಳಲ್ಲಿ, ಹಾಳುಬಿದ್ದ ನೆಲದಲ್ಲಿ, ದಾರಿಯ ಅಂಚಿನಲ್ಲಿ ಅದು ತಾನಾಗಿ ಎದ್ದು ಬೆಳ್ಳಗೆ ಹೂ ಬಿಡುತ್ತದೆ. ಶಿವಪೂಜೆಗೆ ಒದಗುವ ಈ ಹೂವು ಸುಗ್ಗಿಯ ಕಾಲದಲ್ಲಿ ಕಣದ ರಾಶಿಪೂಜೆಗೂ ಒದಗುತ್ತದೆ. ನೀರೆರೆಯುವವರಿಲ್ಲದೆ ಅರಳುವ ಒಂದು ಹೂವಿನ ಹೆಸರನ್ನು ಊರಿಗೆ ಹೊಂದಿಸಿಕೊಂಡ ಜನರು, ನೀರೆರೆದೇ ಬದುಕಿಸಬೇಕಾದ ಗಿಡಮರಗಳನ್ನು ಚಳಿಗಾಲದಲ್ಲಿ ಹೇಗೆ ಕಾಪಾಡಿಕೊಂಡು ಬಂದರು ಎಂಬುದೇ ಈ ಲೇಖನದ ವಿಷಯ.

ಶೀತದೇಶಗಳ ತೋಟಗಾರಿಕೆಯ ಗ್ರಂಥಗಳನ್ನು ಓದಿದವರಿಗೆ ಚಳಿಗಾಲದ ತೋಟವೆಂದರೆ ಹಿಮದಿಂದ ಗಿಡಗಳನ್ನು ರಕ್ಷಿಸುವ ಉಪಾಯಗಳೇ ನೆನಪಿಗೆ ಬರುತ್ತವೆ. ಅಲ್ಲಿ ಕುಂಡಗಳನ್ನು ಮನೆಯೊಳಗೆ ತರಬೇಕು. ಕೋಮಲವಾದ ಬಳ್ಳಿಗಳನ್ನು ಗಾಜಿನ ಮನೆಯಲ್ಲಿ ಇರಿಸಬೇಕು. ಬೇರುಗಳಿಗೆ ಹುಲ್ಲು ಹೊದಿಸಬೇಕು. ನಮ್ಮ ಈ ಸೀಮೆಯ ಸ್ಥಿತಿ ಬೇರೆ. ಸಮುದ್ರಮಟ್ಟಕ್ಕಿಂತ ಸುಮಾರು ೮೦೦ ಮೀಟರುಗಳ ಎತ್ತರದಲ್ಲಿರುವ ತುಮಕೂರಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ ೧೫ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಇರುತ್ತದೆ. ಈ ಚಳಿಯಿಂದ ಗಿಡ ಸಾಯುವುದಿಲ್ಲ. ಗಿಡ ಸಾಯುವುದು ನೀರಿಲ್ಲದೆ. ವರ್ಷದಲ್ಲಿ ಬೀಳುವ ಮಳೆ ಸುಮಾರು ೬೦೦ರಿಂದ ೭೦೦ ಮಿಲಿಮೀಟರು. ಅದರಲ್ಲಿ ಬಹುಭಾಗ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಂದು ಹೋಗುತ್ತದೆ. ಸ್ವಾತಿ, ವಿಶಾಖೆ, ಅನುರಾಧಾ ಮಳೆಗಳ ಅನಂತರ ಮುಂಗಾರಿನವರೆಗೆ ಆಕಾಶವನ್ನು ನಂಬುವಂತಿಲ್ಲ.

ಆದುದರಿಂದ ಇಲ್ಲಿಯ ಚಳಿಗಾಲದ ತೋಟಗಾರಿಕೆಯು ಚಳಿಯೊಡನೆ ಹೋರಾಟವಲ್ಲ, ನೀರಿನ ಲೆಕ್ಕಾಚಾರ. ಶೇಖರವಾದ ನೀರನ್ನು ಯಾವ ಗಿಡಕ್ಕೆ, ಎಷ್ಟು, ಎಲ್ಲಿಯವರೆಗೆ ಕೊಡಬೇಕೆಂಬ ನಿರ್ಣಯವು ಕಾರ್ತಿಕದಲ್ಲಿಯೇ ಆಗಬೇಕಾಗಿತ್ತು. ಈ ನಿರ್ಣಯದ ಪದ್ಧತಿಯೇ ಈ ಪ್ರದೇಶದ ತೋಟಗಳಿಗೆ ಅವುಗಳ ರೂಪವನ್ನು ಕೊಟ್ಟಿತೆಂದು ತೋರಿಸುವುದಕ್ಕೆ ಇಲ್ಲಿ ಪ್ರಯತ್ನಿಸಲಾಗಿದೆ.

೨

ಮೊದಲು ‘ತೋಟ’ ಎಂಬ ಶಬ್ದವನ್ನು ಪರಿಶೀಲಿಸೋಣ. ಹಳಗನ್ನಡದಲ್ಲಿ ಇದು ‘ತೋಂಟ’ ಎಂದಿದೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ವರ್ಣಿಸುವಾಗ ಗದ್ದೆ, ಬೆದ್ದಲು, ತೋಟ, ತುಡಿಕೆ ಎಂಬ ಪದಸಮೂಹ ಮತ್ತೆ ಮತ್ತೆ ಬರುತ್ತದೆ. ಗದ್ದೆಯೆಂದರೆ ನೀರು ನಿಲ್ಲಿಸಿ ಬೆಳೆಯುವ ನೆಲ. ಬೆದ್ದಲೆಂದರೆ ಮಳೆಯನ್ನೇ ನಂಬಿದ ನೆಲ. ತೋಟವೆಂದರೆ ಇವೆರಡಕ್ಕೂ ಸೇರದ, ವರ್ಷವಿಡೀ ನೀರನ್ನು ಬೇಡುವ ನೆಲ. ಮುಂದೆ ಪಾರಸಿ ಪರಿಭಾಷೆ ಆಡಳಿತದಲ್ಲಿ ಬಳಕೆಗೆ ಬಂದಾಗಲೂ ಈ ವಿಭಾಗ ಅಳಿಯಲಿಲ್ಲ. ಖುಷ್ಕಿ, ತರಿ, ಬಾಗಾಯ್ತು ಎಂಬ ಹೊಸ ಹೆಸರುಗಳನ್ನು ಪಡೆದು ಮೈಸೂರು ಸಂಸ್ಥಾನದ ಕಂದಾಯದ ಕಡತಗಳಲ್ಲಿ ಅದೇ ಮುಂದುವರಿಯಿತು. ರಾಜ್ಯಗಳು ಬದಲಾದರೂ ಈ ವಿಂಗಡಣೆ ಸ್ಥಿರವಾಗಿ ನಿಂತುದಕ್ಕೆ ಕಾರಣವು ಸ್ಪಷ್ಟವಾಗಿದೆ. ಮಳೆಗಾಲದಲ್ಲಿ ನೋಡಿದರೆ ಈ ಮೂರೂ ಒಂದೇ ಹಸಿರು. ಪುಷ್ಯಮಾಸದಲ್ಲಿ ನೋಡಿದರೆ ಬೆದ್ದಲಿನಲ್ಲಿ ಕೂಳೆ ಮಾತ್ರ ಉಳಿದಿರುತ್ತದೆ. ಗದ್ದೆಯ ಕೊಯ್ಲು ಮುಗಿದಿರುತ್ತದೆ ಅಥವಾ ಮುಗಿಯುತ್ತಿರುತ್ತದೆ. ತೋಟವೊಂದೇ ಹಸಿರಾಗಿ ನಿಂತಿರುತ್ತದೆ. ಭೂಮಿಯ ಜಾತಿ ಬಯಲಾಗುವುದು ಚಳಿಗಾಲದಲ್ಲಿ.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ೧೯೦೪ರಲ್ಲಿ ಪ್ರಕಟಿಸಿದರು. ಕೆರೆ, ದೇವಾಲಯ, ತೋಟ ಈ ಮೂರೂ ಒಂದಕ್ಕೊಂದು ಹೊಂದಿಕೊಂಡು ಬೆಳೆದ ಬಗೆಯನ್ನು ಅರಿಯಲು ಇಂತಹ ಶಾಸನಗಳು ನಮಗೆ ಮುಖ್ಯವಾದ ಆಧಾರ. ತುಮಕೂರಿಗೆ ಸಮೀಪದಲ್ಲಿರುವ ಕೈದಾಳದ ಚೆನ್ನಕೇಶವ ದೇವಾಲಯವು ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಹೊಯ್ಸಳ ಸಾಮಂತನಾದ ಗೂಳಿ ಬಾಚಿಯಿಂದ ನಿರ್ಮಿತವಾದುದು. ಇಂತಹ ದೇವಾಲಯಗಳ ನಿತ್ಯಪೂಜೆಗೆ ವರ್ಷದ ಎಲ್ಲ ದಿನವೂ ಹೂವು ಬೇಕು. ಎಣ್ಣೆಯನ್ನು ಕೂಡಿಡಬಹುದು, ಅಕ್ಕಿಯನ್ನು ಕೂಡಿಡಬಹುದು, ಹೂವನ್ನು ಕೂಡಿಡಲಾಗದು. ದೇವರ ಸೇವೆಗೆಂದು ಹೂದೋಟವನ್ನು ಪ್ರತ್ಯೇಕವಾಗಿ ಬಿಡುವ ಸಂಪ್ರದಾಯ ಕನ್ನಡ ನಾಡಿನಲ್ಲೆಲ್ಲ ಕಂಡುಬರುವುದಕ್ಕೆ ಇದೇ ಕಾರಣವಾಗಿರಬೇಕು. ಅಂತಹ ಹೂದೋಟಕ್ಕೆ ನಿಜವಾದ ಪರೀಕ್ಷೆ ಮಳೆ ನಿಂತ ಮೇಲೆಯೇ.

ಈ ಸೀಮೆಯ ಧಾರ್ಮಿಕ ಚರಿತ್ರೆಯಲ್ಲಿ ‘ತೋಟ’ ಎಂಬ ಶಬ್ದಕ್ಕೆ ಇನ್ನೂ ಒಂದು ಗೌರವದ ಸ್ಥಾನವಿದೆ. ‘ಷಟ್‌ಸ್ಥಲ ಜ್ಞಾನಸಾರಾಮೃತ’ದ ಕರ್ತೃವಾದ ತೋಂಟದ ಸಿದ್ಧಲಿಂಗ ಯತಿಗಳು ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ದೀರ್ಘಕಾಲ ತಪಸ್ಸು ಮಾಡಿದುದರಿಂದ ಆ ಹೆಸರನ್ನು ಪಡೆದರೆಂದು ಸಂಪ್ರದಾಯ ಹೇಳುತ್ತದೆ. ಅವರ ಗದ್ದುಗೆ ಅದೇ ತಾಲ್ಲೂಕಿನ ಎಡೆಯೂರಿನಲ್ಲಿದೆ. ಯತಿಯೊಬ್ಬನಿಗೆ ಬೆಟ್ಟದ ಹೆಸರು, ಗುಹೆಯ ಹೆಸರು, ನದಿಯ ಹೆಸರು ಬರುವುದು ಸಹಜ. ಇಲ್ಲಿ ಬಂದಿರುವುದು ತೋಟದ ಹೆಸರು. ತೋಟವೆಂದರೆ ನೆರಳೂ ನೀರೂ ನಿತ್ಯವೂ ಒದಗುವ ಸ್ಥಳ, ಊರಿನ ಗದ್ದಲಕ್ಕೆ ಹೊರಗಾಗಿದ್ದರೂ ಮನುಷ್ಯರ ಆರೈಕೆಗೆ ಹೊರಗಾಗದ ಸ್ಥಳ ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

೩

ಚಳಿಗಾಲದಲ್ಲಿ ಈ ಪ್ರದೇಶದ ಹಸಿರು ಯಾವ ಯಾವ ನೀರಿನಿಂದ ಬದುಕುತ್ತಿತ್ತೆಂದು ವಿಚಾರಮಾಡಿದರೆ ನಾಲ್ಕು ಬಗೆಗಳು ತೋರುತ್ತವೆ. ಅವು ಕೆರೆಯ ನೀರು, ಬಾವಿಯ ನೀರು, ಬಚ್ಚಲ ನೀರು ಮತ್ತು ಇಬ್ಬನಿ. ಒಂದೊಂದು ನೀರಿಗೂ ಒಂದೊಂದು ಬಗೆಯ ತೋಟ ಹೊಂದಿಕೊಂಡಿತ್ತು.

ಕೆರೆಯ ನೀರು ಅಡಿಕೆ, ತೆಂಗುಗಳದು. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳಲ್ಲಿ ಕೆರೆಯ ಏರಿಯ ಹಿಂದೆ ಮೊದಲು ತೋಟ, ಅದರಾಚೆ ಗದ್ದೆ, ಅದಕ್ಕೂ ಆಚೆ ಹೊಲ ಎಂಬ ಕ್ರಮವನ್ನು ಈಗಲೂ ಅನೇಕ ಕಡೆ ಗುರುತಿಸಬಹುದು. ಅಡಿಕೆಯ ಬೇರು ಆಳಕ್ಕೆ ಹೋಗುವುದಿಲ್ಲ; ನೆಲ ಒಣಗಿದರೆ ಮರ ಬೇಗನೆ ಸೊರಗುತ್ತದೆ. ಎಳೆಯ ಸಸಿಗೆ ನೆರಳಿಗಾಗಿ ಬಾಳೆಯನ್ನು ಮೊದಲೇ ಬೆಳೆಸಬೇಕು. ಸಸಿ ನೆಟ್ಟು ಐದಾರು ವರ್ಷಗಳಾದ ಮೇಲೆ ಫಲದ ಮಾತು. ಹೀಗಿರುವಾಗ ಕಾರ್ತಿಕದಲ್ಲಿ ಕೆರೆಯು ಎಷ್ಟು ತುಂಬಿದೆ ಎಂಬುದನ್ನು ನೋಡಿ ಊರವರು ಮುಂದಿನ ಏಳು ತಿಂಗಳ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕಾಗಿತ್ತು. ನೀರು ಹೇರಳವಾಗಿದ್ದರೆ ಗದ್ದೆಯಲ್ಲಿ ಎರಡನೆಯ ಬೆಳೆಯಿಡಬಹುದು. ಕಡಿಮೆಯಾಗಿದ್ದರೆ ಗದ್ದೆಯನ್ನು ಬೀಳುಬಿಟ್ಟು ತೋಟವನ್ನು ಉಳಿಸಿಕೊಳ್ಳಬೇಕು. ಭತ್ತ ಹೋದರೆ ಒಂದು ಫಸಲು ಹೋಯಿತು. ಅಡಿಕೆ ಹೋದರೆ ಒಂದು ತಲೆಮಾರಿನ ದುಡಿಮೆ ಹೋಯಿತು. ತೂಬಿನಿಂದ ನೀರು ಬಿಡುವವನೂ ಅದನ್ನು ಸರದಿಯಂತೆ ಹಂಚುವವನೂ ನೀರುಗಂಟಿ. ಊರಿನ ಆಯಗಾರರಲ್ಲಿ ಅವನಿಗೂ ಪಾಲಿದ್ದುದನ್ನು ನೆನೆದರೆ ಈ ಕೆಲಸದ ಜವಾಬ್ದಾರಿ ಎಷ್ಟೆಂಬುದು ತಿಳಿಯುತ್ತದೆ. ಚಳಿಗಾಲ ಕಳೆದು ಕೆರೆ ಬತ್ತಿದಾಗ ತೋಟದವರು ಅದರ ಅಂಗಳದ ಗೋಡುಮಣ್ಣನ್ನು ಗಾಡಿಗಳಲ್ಲಿ ತಂದು ಮರಗಳ ಬುಡಕ್ಕೆ ಹಾಕುತ್ತಿದ್ದರು. ತೋಟಕ್ಕೆ ಗೊಬ್ಬರವಾಯಿತು, ಕೆರೆಗೆ ಆಳ ಉಳಿಯಿತು. ಕೆರೆಯಿಂದ ಪಡೆದುದಕ್ಕೆ ತೋಟವು ಮಾಡಿದ ಪ್ರತ್ಯುಪಕಾರವೆಂದು ಇದನ್ನು ಭಾವಿಸಬಹುದು.

ಬಾವಿಯ ನೀರು ಹೂವು, ತರಕಾರಿ, ವೀಳ್ಯದೆಲೆಗಳದು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದನು. ತುಮಕೂರು, ಗುಬ್ಬಿಗಳ ಮಾರ್ಗವಾಗಿಯೂ ಹೋದ ಅವನ ಪ್ರವಾಸದ ವೃತ್ತಾಂತ ೧೮೦೭ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಏತ, ಕಪಿಲೆಗಳೆಂಬ ಎರಡು ಸಾಧನಗಳನ್ನೂ ಅವನು ವಿವರಿಸಿದ್ದಾನೆ. ಏತದಲ್ಲಿ ಮನುಷ್ಯನ ಭಾರದಿಂದ ನೀರು ಮೇಲೇರುತ್ತದೆ. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಹಗ್ಗವೆಳೆದು ತೊಗಲಿನ ಬಾನೆಯನ್ನು ಮೇಲಕ್ಕೆ ತರುತ್ತವೆ. ಒಂದು ಜೊತೆ ಎತ್ತು ಒಂದು ಹೊತ್ತಿನಲ್ಲಿ ಎಷ್ಟು ಬಾನೆ ಎಳೆಯಬಲ್ಲುದೋ ಅಷ್ಟೇ ತೋಟದ ವಿಸ್ತಾರ. ಆದುದರಿಂದ ಬಾವಿಯ ತೋಟವು ಚಿಕ್ಕದಾಗಿರುತ್ತಿತ್ತು. ಚಿಕ್ಕದಾದುದರಿಂದಲೇ ಅದರಲ್ಲಿ ಒಂದು ಮಡಿಯೂ ವ್ಯರ್ಥವಾಗುತ್ತಿರಲಿಲ್ಲ. ಈ ಬಗೆಯ ತೋಟಗಾರಿಕೆಯಲ್ಲಿ ತಿಗಳ ಸಮುದಾಯದವರು ವಿಶೇಷ ಪರಿಣತರೆಂದು ಹೆಸರಾಗಿದ್ದಾರೆ. ಸೇವಂತಿಗೆ, ಚೆಂಡುಹೂ, ಕನಕಾಂಬರಗಳನ್ನೂ ಬದನೆ, ಮೆಣಸಿನಕಾಯಿ, ಸೊಪ್ಪುಗಳನ್ನೂ ಊರಿನ ಸಂತೆಗೆ ಒದಗಿಸಿದವು ಇಂತಹ ಬಾವಿತೋಟಗಳೇ.

ಬಚ್ಚಲ ನೀರು ಹಿತ್ತಿಲಿನದು. ಸ್ನಾನದ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಇವುಗಳಲ್ಲಿ ಯಾವುದೂ ಬೀದಿಗೆ ಹರಿಯುವಂತಿರಲಿಲ್ಲ. ಬಚ್ಚಲ ಹೊರಗಣ ಕಾಲುವೆಯ ಬಾಯಲ್ಲಿ ಬಾಳೆ, ಅದರ ಮಗ್ಗುಲಲ್ಲಿ ಕೆಸು, ಸ್ವಲ್ಪ ದೂರದಲ್ಲಿ ಕರಿಬೇವು, ನಿಂಬೆ, ನುಗ್ಗೆ, ಗೋಡೆಗೆ ಒರಗಿ ಮಲ್ಲಿಗೆಯ ಬಳ್ಳಿ, ಮೇಲೆ ಚಪ್ಪರದವರೆ ಎಂಬ ಕ್ರಮವು ಬಹಳ ಮನೆಗಳಿಗೆ ಸಾಮಾನ್ಯವಾಗಿತ್ತು. ಕೊಳೆಯನ್ನು ಹೆಚ್ಚು ತಾಳುವ ಗಿಡವು ನೀರಿನ ಬಾಯಿಗೆ ಹತ್ತಿರ, ಕಡಿಮೆ ತಾಳುವುದು ದೂರ. ಮನೆಯ ಮುಂದಿನ ತುಳಸಿಗೆ ಮಾತ್ರ ಈ ನೀರು ಸಲ್ಲದು. ಅದಕ್ಕೆ ಮಡಿಯಲ್ಲಿ ತಂದ ಒಂದು ಚೆಂಬು ಒಳ್ಳೆಯ ನೀರು. ಗೃಹಿಣಿಯು ಬೆಳಗಿನ ಹೊತ್ತು ಎರೆಯುತ್ತಿದ್ದ ಆ ಒಂದು ಚೆಂಬು ಪೂಜೆಯ ಅಂಗವಾಗಿದ್ದಂತೆಯೇ ತೋಟಗಾರಿಕೆಯ ನಿಯಮವೂ ಆಗಿತ್ತು. ಚಳಿಯ ದಿನಗಳಲ್ಲಿ ಕುಂಡದ ಗಿಡಕ್ಕೆ ಸಂಜೆ ಹೆಚ್ಚು ನೀರು ಹಾಕಿದರೆ ರಾತ್ರಿಯೆಲ್ಲ ಮಣ್ಣು ಒದ್ದೆಯಾಗಿದ್ದು ಬೇರು ಕೊಳೆಯುವ ಭಯವಿದೆ. ಬೆಳಗ್ಗೆ ಮಿತವಾಗಿ ಎರೆದರೆ ಆ ಭಯವಿಲ್ಲ. ಕದಿರು ಬಲಿತ ತುಳಸಿಯ ತುದಿಗಳನ್ನು ಪೂಜೆಗೆಂದು ಚಿವುಟುತ್ತಿದ್ದುದರಿಂದ ಗಿಡವು ಮತ್ತೆ ಕವಲೊಡೆಯುತ್ತಿತ್ತು.

ನಾಲ್ಕನೆಯದು ಇಬ್ಬನಿ. ಇದನ್ನು ನೀರಿನ ಲೆಕ್ಕಕ್ಕೆ ಸೇರಿಸುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬಿತ್ತಿದ ಅವರೆಯ ಚರಿತ್ರೆಯನ್ನು ಇಬ್ಬನಿಯನ್ನು ಬಿಟ್ಟು ಹೇಳಲಾಗದು. ರಾಗಿ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯುವುದು ಅವರೆಯ ಸಾಲು. ನೆಲದಲ್ಲಿ ಉಳಿದ ಹಿಂಗಾರಿನ ತೇವವೂ ರಾತ್ರಿಯ ಇಬ್ಬನಿಯೂ ಅದಕ್ಕೆ ಸಾಕು. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಅವರೆಯ ಸೊಗಡು ಹೆಚ್ಚೆಂದು ರೈತರು ಹೇಳುತ್ತಾರೆ. ಗಿಡಕ್ಕೆ ಹೇನು ಹತ್ತಿದರೆ ಬೆಳಗಿನ ಇಬ್ಬನಿಯಲ್ಲಿ ಒಲೆಯ ಬೂದಿಯನ್ನು ಎರಚುವುದು ವಾಡಿಕೆ. ಎಲೆ ಒದ್ದೆಯಾಗಿರುವುದರಿಂದ ಬೂದಿ ಅಂಟಿ ನಿಲ್ಲುತ್ತದೆ.

ಅವರೆ ಮತ್ತು ಸೇವಂತಿಗೆಗಳು ಚಳಿಗಾಲದಲ್ಲಿಯೇ ಹೂ ಬಿಡುವುದಕ್ಕೆ ಬೇರೊಂದು ಕಾರಣವೂ ಉಂಟು. ಸಸ್ಯಗಳಲ್ಲಿ ಕೆಲವು ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುತ್ತವೆ ಎಂಬ ತತ್ತ್ವವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ೧೯೨೦ರಲ್ಲಿ ಪ್ರತಿಪಾದಿಸಿದರು. ತುಮಕೂರಿನ ಅಕ್ಷಾಂಶದಲ್ಲಿ ಜೂನ್ ತಿಂಗಳ ದೀರ್ಘವಾದ ಹಗಲಿಗೂ ಡಿಸೆಂಬರಿನ ಹ್ರಸ್ವವಾದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಆ ಅಲ್ಪವಾದ ವ್ಯತ್ಯಾಸವನ್ನೂ ಈ ಗಿಡಗಳು ಅರಿಯುತ್ತವೆ. ನಾಡಿನ ಹಳೆಯ ಅವರೆ ತಳಿಗಳನ್ನು ಯಾವಾಗ ಬಿತ್ತಿದರೂ ಹೂವು ಕಾಣುವುದು ಚಳಿಯೊಡನೆಯೇ ಎಂಬ ರೈತರ ಅನುಭವಕ್ಕೆ ಶಾಸ್ತ್ರದ ಸಮರ್ಥನೆ ದೊರೆತುದು ಹೀಗೆ.

೪

ನೀರಿನ ಈ ವ್ಯವಸ್ಥೆಗೆ ಸರಿಯಾಗಿ ಜನರ ಚಳಿಗಾಲದ ಬಾಳುವೆಯೂ ಮನೆಯಿಂದ ಹೊರಕ್ಕೆ ಹರಡಿಕೊಂಡಿತ್ತು. ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಹಬ್ಬದಲ್ಲಿ ಕಾಯಿಬಿಟ್ಟ ನೆಲ್ಲಿಯ ಕೊಂಬೆಯನ್ನು ತಂದು ತುಳಸಿಕಟ್ಟೆಯಲ್ಲಿ ನೆಟ್ಟು ಪೂಜಿಸುವುದರಿಂದ ಈ ಕಾಲದ ಆರಂಭವೆಂದು ಹೇಳಬಹುದು. ಮುಂದೆ ಧನುರ್ಮಾಸದಲ್ಲಿ ಬೆಳಗಿನ ಜಾವಕ್ಕೆ ಎದ್ದು ಅಂಗಳ ಸಾರಿಸಿ, ರಂಗೋಲಿಯ ನಡುವೆ ಸಗಣಿಯ ಉಂಡೆಯಿಟ್ಟು, ಅದಕ್ಕೆ ಕುಂಬಳದ ಹೂವನ್ನೋ ಹುಚ್ಚೆಳ್ಳಿನ ಹೂವನ್ನೋ ಸಿಕ್ಕಿಸುವರು. ಈ ಎರಡೂ ಹಳದಿ ಹೂಗಳು; ಒಂದು ಹಿತ್ತಿಲಿನದು, ಇನ್ನೊಂದು ಹೊಲದ್ದು. ಆ ದಿನಗಳಲ್ಲಿ ಸುಲಭವಾಗಿ ದೊರೆಯುವ ಹೂವನ್ನೇ ಆಚಾರವು ಆರಿಸಿಕೊಂಡಿದೆ.

ಅದೇ ವೇಳೆಗೆ ಊರಾಚೆಯ ಕಣಗಳು ಸಿದ್ಧವಾಗುತ್ತಿದ್ದವು. ನೆಲವನ್ನು ಗಟ್ಟಿಸಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು, ಮೆದೆಯಿಂದ ತಂದ ರಾಗಿಯ ಹೊರೆಗಳನ್ನು ಹರಡಿ ಗುಂಡು ಹೊಡೆಯುವ ಕೆಲಸ ವಾರಗಟ್ಟಲೆ ನಡೆಯುತ್ತಿತ್ತು. ರಾಶಿಯನ್ನು ಕಾಯುವುದಕ್ಕಾಗಿ ಗಂಡಸರು ಕಂಬಳಿ ಹೊದ್ದು ಕಣದಲ್ಲಿಯೇ ಮಲಗುವರು. ಸೌದೆಯ ಬೆಂಕಿ, ಸುಟ್ಟ ಅವರೆಕಾಯಿ, ಕತೆ, ಹಾಡು ಇವುಗಳಿಂದ ರಾತ್ರಿ ಸಾಗುವುದು. ತೋಟದ ಕಡೆಯಲ್ಲಿ ಅಡಿಕೆಯ ಕೊಯ್ಲು. ಫಸಲನ್ನು ಮೊದಲೇ ಚೇಣಿಗೆ ಹಿಡಿದವರು ಕೊನೆಗಳನ್ನು ಇಳಿಸಿ ತಂದು ಹಾಕಿದರೆ, ಸುಲಿಯುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಸುಲಿದ ಅಡಿಕೆಯನ್ನು ಚೊಗರಿನೊಡನೆ ಬೇಯಿಸಿ ಅಂಗಳದ ಬಿಸಿಲಿಗೆ ಹರಡಬೇಕು. ಮಳೆಯಿಲ್ಲದ ಆಕಾಶ, ಸುಡದ ಬಿಸಿಲು ಎರಡೂ ಈ ಕೆಲಸಕ್ಕೆ ಅವಶ್ಯಕ. ಮಳೆ ನಿಂತುದು ತೋಟದ ಮರಕ್ಕೆ ಆತಂಕ, ಅದರ ಫಲಕ್ಕೆ ಅನುಕೂಲ. ಸಂಕ್ರಾಂತಿಯ ದಿನ ಎಳ್ಳು, ಬೆಲ್ಲ, ಕಬ್ಬು, ಅವರೆಗಳು ಮನೆಗೆ ಬಂದು, ಸಂಜೆ ದನಗಳನ್ನು ಕಿಚ್ಚು ಹಾಯಿಸಿದ ಮೇಲೆ ಚಳಿಯ ಕಾಲ ತಿರುಗಿತೆಂದು ಎಲ್ಲರೂ ಭಾವಿಸುತ್ತಿದ್ದರು.

೫

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಗೆ ಬೇರೊಂದು ಬಗೆಯ ತೋಟದ ಪರಿಚಯವಾಯಿತು. ೧೮೩೧ರಿಂದ ೧೮೮೧ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಡಾಬಸ್‌ಪೇಟೆಗೆ ಹೆಸರು ಕೊಟ್ಟ ಅಧಿಕಾರಿ ಡಾಬ್ಸ್ ಈ ಅವಧಿಯಲ್ಲಿ ತುಮಕೂರಿನಲ್ಲಿದ್ದು ಅಧಿಕಾರ ನಡೆಸಿದವನು. ಬಂಗಲೆ, ಅದರ ಸುತ್ತ ಕಾಂಪೌಂಡು, ಮುಂದೆ ಹೂವಿನ ಪಾತಿ, ಜಗಲಿಯ ಮೇಲೆ ಸಾಲಾಗಿ ಕುಂಡಗಳು ಎಂಬ ಕಲ್ಪನೆಯು ಇಂತಹ ಅಧಿಕಾರಿಗಳ ವಸತಿಗಳಿಂದ ಜಿಲ್ಲಾಕೇಂದ್ರಗಳಿಗೆ ಬಂದು, ಅಲ್ಲಿಂದ ವಕೀಲರ, ಗುಮಾಸ್ತರ, ಉಪಾಧ್ಯಾಯರ ಮನೆಗಳಿಗೆ ಇಳಿದಿರಬೇಕು.

ಈ ಹೊಸ ತೋಟಕ್ಕೆ ಬೆಂಗಳೂರಿನ ಲಾಲ್‌ಬಾಗ್ ಮಾದರಿಯಾಯಿತು. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿದ ಆ ಉದ್ಯಾನವು ಜಾನ್ ಕ್ಯಾಮರಾನ್ ಅವರ ಮೇಲ್ವಿಚಾರಣೆಯಲ್ಲಿ, ಅಂದರೆ ೧೮೭೪ರಿಂದ ೧೯೦೮ರವರೆಗೆ, ವಿಶೇಷವಾಗಿ ಬೆಳೆಯಿತು. ಅಲ್ಲಿಯ ಗಾಜಿನ ಮನೆಗೆ ೧೮೮೯ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಸ್ತಿಭಾರ ಹಾಕಿದನು. ಶೀತದೇಶದಲ್ಲಿ ಗಾಜಿನ ಮನೆ ಗಿಡವನ್ನು ಚಳಿಯಿಂದ ಕಾಯುವ ಕಟ್ಟಡ. ಬೆಂಗಳೂರಿನಲ್ಲಿ ಅದು ಹೂಗಳನ್ನು ಜನರಿಗೆ ತೋರಿಸುವ ಮಂಟಪವಾಯಿತು. ಆಕಾರ ಹೊರಗಿನಿಂದ ಬಂದರೂ ಉಪಯೋಗವನ್ನು ಇಲ್ಲಿಯ ಹವೆಯೇ ನಿರ್ಧರಿಸಿತು. ಕಾಲಾನಂತರದಲ್ಲಿ ತುಮಕೂರಿನಲ್ಲಿ ನಿರ್ಮಾಣವಾದ ಗಾಜಿನ ಮನೆಯೂ ಸಭೆ ಸಮಾರಂಭಗಳ ಸ್ಥಳವಾಗಿಯೇ ಜನರಿಗೆ ಪರಿಚಿತ. ೧೯೦೮ರಲ್ಲಿ ಲಾಲ್‌ಬಾಗಿನ ಅಧಿಕಾರ ವಹಿಸಿಕೊಂಡ ಜರ್ಮನ್ ತಜ್ಞ ಕ್ರುಂಬಿಗಲ್ ಅವರ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಸ್ಥಾಪಿತವಾಯಿತು. ಗಣರಾಜ್ಯೋತ್ಸವದ ಸಮಯದಲ್ಲಿ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವು ತುಮಕೂರು ಕಡೆಯವರಿಗೂ ಚಳಿಗಾಲದ ಒಂದು ಯಾತ್ರೆಯಂತಾಯಿತು.

ಎಲೆಕೋಸು, ಹೂಕೋಸು, ನವಿಲುಕೋಸು, ಗಜ್ಜರಿ, ಬೀಟ್‌ರೂಟ್ ಮೊದಲಾದ ತರಕಾರಿಗಳು ಈ ಮಾರ್ಗದಲ್ಲಿ ಪ್ರಚಾರಕ್ಕೆ ಬಂದವು. ತಂಪನ್ನು ಬಯಸುವ ಇವುಗಳಿಗೆ ಇಲ್ಲಿ ಅನುಕೂಲವಾದ ಕಾಲ ಚಳಿಗಾಲವೇ. ಹೊರಗಿನಿಂದ ಬಂದುದಕ್ಕೆ ‘ಸೀಮೆ’ ಎಂಬ ವಿಶೇಷಣವನ್ನು ಸೇರಿಸಿ ಜನರು ಅವುಗಳಲ್ಲಿ ಕೆಲವನ್ನು ತಮ್ಮದಾಗಿಸಿಕೊಂಡರು. ಸೀಮೆಬದನೆ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಇದಕ್ಕೆ ವಿಪರ್ಯಾಯವಾಗಿ, ನಮ್ಮ ನೆಲದ್ದೇ ಆದ ಸ್ಫಟಿಕ ಜಾತಿಯ ಹೂವಿಗೆ ‘ಡಿಸೆಂಬರ್ ಹೂ’ ಎಂಬ ಆಂಗ್ಲ ಮಾಸದ ಹೆಸರು ಅಂಟಿಕೊಂಡಿತು. ಮೆಕ್ಸಿಕೋ ಮೂಲದ ಚೆಂಡುಹೂವೂ ಚೀನಾ ಮೂಲದ ಸೇವಂತಿಗೆಯೂ ಇಷ್ಟರೊಳಗೆ ದೇವರ ಮುಡಿಗೇರಿ ಅನ್ಯವೆಂಬ ಭಾವನೆಯನ್ನು ಸಂಪೂರ್ಣವಾಗಿ ಕಳೆದುಕೊಂಡಿದ್ದವು. ೧೯೬೩ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾಗಿ, ಎಂ. ಎಚ್. ಮರಿಗೌಡರ ನೇತೃತ್ವದ ಕಾಲದಲ್ಲಿ ಸಸ್ಯಕ್ಷೇತ್ರಗಳು ರಾಜ್ಯದ ಮೂಲೆಮೂಲೆಗೆ ಹಬ್ಬಿದ ಮೇಲೆ, ಸಸಿಯನ್ನು ಬೆಲೆಗೆ ಕೊಂಡು ನೆಡುವ ರೂಢಿ ಹಳ್ಳಿಗಳಿಗೂ ಬಂದಿತು.

೬

ಗಿಡಗಳು ಹೀಗೆ ಹೆಚ್ಚಿದುವು; ನೀರಿನ ಬಗೆಗಳು ಮಾತ್ರ ಕಡಿಮೆಯಾದುವು. ಮೊದಲು ವಿದ್ಯುತ್ ಪಂಪು ಕಪಿಲೆಯನ್ನು ನಿಲ್ಲಿಸಿತು. ಅನಂತರ ಕೊಳವೆಬಾವಿ ತೆರೆದ ಬಾವಿಯನ್ನು ಬತ್ತಿಸಿತು. ಎತ್ತುಗಳ ಶಕ್ತಿಯಿಂದ ತೋಟದ ವಿಸ್ತಾರಕ್ಕೆ ಒಂದು ಮಿತಿಯಿದ್ದುದು ತಪ್ಪಿಹೋಯಿತು. ಕೆರೆಯ ಹಿಂದೆ ಮಾತ್ರ ಇದ್ದ ಅಡಿಕೆ ಬೆದ್ದಲಿನ ಮೇಲಕ್ಕೆ ಹತ್ತಿತು. ರಾಗಿಯ ಹೊಲವೂ ಅದರೊಳಗಿನ ಅವರೆಯ ಸಾಲೂ ಅಷ್ಟರ ಮಟ್ಟಿಗೆ ಹಿಂದೆ ಸರಿದುವು. ಪಟ್ಟಣಗಳಲ್ಲಿ ಒಳಚರಂಡಿಯು ಬಚ್ಚಲ ನೀರನ್ನು ಹಿತ್ತಿಲಿನಿಂದ ಒಯ್ದುಬಿಟ್ಟಿತು. ಇವುಗಳಿಂದಾದ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಏತ ತುಳಿಯುವವನ ಶ್ರಮವೂ ನೀರು ಹೊರುವ ಹೆಂಗಸಿನ ಶ್ರಮವೂ ಕಡಿಮೆಯಾದುದು ಸಾಮಾನ್ಯವಾದ ಲಾಭವಲ್ಲ. ಆದರೆ ನಾಲ್ಕು ನೀರುಗಳ ಸ್ಥಾನದಲ್ಲಿ ಭೂಗರ್ಭದ ಒಂದು ನೀರು ನಿಂತಾಗ, ಕಾರ್ತಿಕದಲ್ಲಿ ಕೆರೆಯನ್ನು ನೋಡಿ ಲೆಕ್ಕ ಹಾಕುವ ಅಭ್ಯಾಸವೂ ಹೋಯಿತು. ಕಣ್ಣಿಗೆ ಕಾಣುವ ನೀರನ್ನು ಅಳೆಯಬಹುದು. ಕಾಣದ ನೀರನ್ನು ಮುಗಿದ ಮೇಲೆಯೇ ತಿಳಿಯುವುದು.

ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣವಾಗಿ, ಅದರ ನಾಲೆಗಳು ತುಮಕೂರು ಜಿಲ್ಲೆಗೆ ಬಂದ ಮೇಲೆ ಕೆರೆಗಳಿಗೆ ಮತ್ತೆ ಪ್ರಾಮುಖ್ಯ ಬಂದಿದೆ. ನಾಲೆಯ ನೀರನ್ನು ಕೆರೆಗಳಿಗೆ ತುಂಬಿಸುವುದೇ ಈಗ ಅನೇಕ ಊರುಗಳ ಆಧಾರ. ಆದರೆ ಹಿಂದೆ ಒಂದು ಊರಿನ ನೀರುಗಂಟಿಯ ಮುಂದಿದ್ದ ಪ್ರಶ್ನೆ ಈಗ ತಾಲ್ಲೂಕು ತಾಲ್ಲೂಕುಗಳ ನಡುವಣ ಪ್ರಶ್ನೆಯಾಗಿದೆ. ಕುಣಿಗಲ್, ಮಾಗಡಿಗಳ ಕಡೆಗೆ ನೀರೊಯ್ಯುವ ಹೇಮಾವತಿ ಸಂಪರ್ಕ ಕಾಲುವೆಯ ಯೋಜನೆಗೆ ೨೦೨೫ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಡೆದ ತೀವ್ರ ಪ್ರತಿಭಟನೆ ಇದನ್ನು ಪ್ರತ್ಯಕ್ಷಪಡಿಸಿತು. ನಾಲೆಯ ಮೇಲ್ಭಾಗದ ತೋಟದವನಿಗೆ ತನ್ನ ಮರ ಒಣಗೀತೆಂಬ ಭಯ. ಕೊನೆಯ ಭಾಗದವನಿಗೆ ತನ್ನ ಪಾಲು ಎಂದಿಗೂ ಬರಲಾರದೆಂಬ ಭಯ. ಎರಡು ಭಯಗಳೂ ಒಂದೇ ಮೂಲದವು, ಎರಡೂ ನಿಜವಾದವು. ಹಂಚಿಕೆಯ ನ್ಯಾಯವನ್ನು ಇತಿಹಾಸದ ವಿದ್ಯಾರ್ಥಿ ತೀರ್ಮಾನಿಸಲಾರನು. ಆದರೆ ಹಳೆಯ ಪದ್ಧತಿಯಲ್ಲಿ ಹಂಚಿಕೆಗೆ ಮೊದಲು ನೀರಿನ ಅಳತೆ ಎಲ್ಲರ ಕಣ್ಣೆದುರಿಗೆ ಇದ್ದಿತೆಂಬುದನ್ನೂ, ಅಳತೆಗೆ ತಕ್ಕಂತೆ ಬೆಳೆಯನ್ನು ಕುಗ್ಗಿಸುವುದಕ್ಕೆ ಎಲ್ಲರೂ ಬದ್ಧರಾಗಿದ್ದರೆಂಬುದನ್ನೂ ಅವನು ನೆನಪಿಸಬಹುದು.

ಆ ಮಿತಿಯ ವಿವೇಕ ಪೂರ್ತಿಯಾಗಿ ನಷ್ಟವಾಗಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಬಾಳಿದ ಸಾಲುಮರದ ತಿಮ್ಮಕ್ಕನವರ ಜೀವನವೇ ಇದಕ್ಕೆ ಸಾಕ್ಷಿ. ಅವರೂ ಅವರ ಪತಿ ಚಿಕ್ಕಯ್ಯನವರೂ ಹುಲಿಕಲ್ಲಿಗೂ ಕುದೂರಿಗೂ ನಡುವಣ ಸುಮಾರು ೪ ಕಿಲೋಮೀಟರು ಹಾದಿಯಲ್ಲಿ ೩೮೫ ಆಲದ ಮರಗಳನ್ನು ಬೆಳೆಸಿದರು. ಮೊದಲ ವರ್ಷ ೧೦ ಸಸಿ, ಎರಡನೆಯ ವರ್ಷ ೧೫, ಮೂರನೆಯ ವರ್ಷ ೨೦ ಎಂಬಂತೆ ಅವರು ನೆಟ್ಟ ಕ್ರಮ ಪ್ರಸಿದ್ಧವಾಗಿದೆ. ಮಳೆಗಾಲದಲ್ಲಿ ನೆಟ್ಟು, ಮಳೆ ನಿಂತ ಮೇಲೆ ಬಿಂದಿಗೆಗಳಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಅವನ್ನು ಉಳಿಸಿದರು. ಹೊರಬಲ್ಲ ನೀರಿಗೆ ತಕ್ಕಷ್ಟೇ ಸಸಿ ಎಂಬ ನಿಯಮವನ್ನು ಆ ಸಂಖ್ಯೆಗಳಲ್ಲಿ ಓದಬಹುದು. ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಅವರು ೨೦೨೫ರ ನವೆಂಬರಿನಲ್ಲಿ ದಿವಂಗತರಾದರು. ಹಾಗೆಯೇ ತುಮಕೂರಿನ ಸಮೀಪದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ‘ಸಿದ್ದು’ ಎಂಬ ಕೆಂಪು ತೊಳೆಯ ಹಲಸಿನ ತಳಿಯನ್ನು ಗುರುತಿಸಿದುದು ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಕುಟುಂಬವೊಂದು ತನ್ನ ಜಮೀನಿನಲ್ಲಿ ನೆಟ್ಟು ಕಾಪಾಡಿಕೊಂಡು ಬಂದಿದ್ದ ಮರದಲ್ಲಿ. ಹಲವು ವರ್ಷಗಳ ಚಳಿಗಾಲ, ಬೇಸಗೆಗಳನ್ನು ದಾಟಿ ಒಂದು ಮರ ಉಳಿದುದರ ಫಲ ಅದು.

ಮೇಲಿನ ವಿಚಾರದಿಂದ ತಿಳಿದುಬರುವುದಿಷ್ಟು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ತೋಟವು ಐಶ್ವರ್ಯದ ಚಿಹ್ನೆಯಾಗಿದ್ದಂತೆಯೇ ಮಿತವ್ಯಯದ ಶಾಲೆಯೂ ಆಗಿತ್ತು. ಕೆರೆ, ಬಾವಿ, ಬಚ್ಚಲು, ಇಬ್ಬನಿ ಎಂಬ ನಾಲ್ಕು ನೀರುಗಳಿಗೆ ನಾಲ್ಕು ಬಗೆಯ ಹಸಿರನ್ನು ಹೊಂದಿಸಿ, ಮಳೆಯಿಲ್ಲದ ಏಳು ತಿಂಗಳನ್ನು ದಾಟುವ ವಿದ್ಯೆಯನ್ನು ಇಲ್ಲಿಯ ಜನರು ಸಾಧಿಸಿಕೊಂಡಿದ್ದರು. ಅವುಗಳಲ್ಲಿ ಇಬ್ಬನಿ ಈಗಲೂ ಬೀಳುತ್ತದೆ; ಬಚ್ಚಲ ನೀರು ಈಗಲೂ ಪ್ರತಿಯೊಂದು ಮನೆಯಲ್ಲಿ ದಿನವೂ ಹರಿಯುತ್ತದೆ; ಕೆರೆಗಳಲ್ಲಿ ಬಹಳಷ್ಟು ಇನ್ನೂ ಉಳಿದಿವೆ. ಅವುಗಳ ಹಳೆಯ ಹೂಳು, ತೂಬು, ಕಾಲುವೆ, ಸರದಿಯ ಕಟ್ಟಳೆಗಳನ್ನು ಊರೂರಿಗೆ ಹೋಗಿ ದಾಖಲೆಮಾಡಿಕೊಳ್ಳುವ ಕೆಲಸ ವಿದ್ವಾಂಸರಿಗೆ ಕಾದಿದೆ. ಆ ಕಟ್ಟಳೆಗಳನ್ನು ಬಲ್ಲ ಹಿರಿಯರು ಇನ್ನೂ ಹಲವು ಊರುಗಳಲ್ಲಿ ಇರುವಾಗಲೇ ಅದು ಆಗುವುದು ಒಳ್ಳೆಯದು.